ಮಂಡ್ಯದ ಸಿಹಿಗೆ ದುಡಿದ ಡಾ. ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಮಹಾಶಯರು 1878ರಲ್ಲಿ ಕೆನಡಾ ದೇಶದಲ್ಲಿ ಜನಿಸಿದರು. ಟೊರಾಂಟೊದಲ್ಲಿಯೂ ಜರ್ಮನಿಯಲ್ಲಿಯೂ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಮದ್ದನ್ನು ಬಳಕೆಗೆ ತಂದು ಮಲೆನಾಡಿಗೆ ಉಪಕರಿಸಿದರು. ಬಯಲುಸೀಮೆಯವರು ಅವರನ್ನು ನೆನೆಯಬೇಕಾದುದು ರಾಗಿ ಮತ್ತು ಕಬ್ಬುಗಳಿಗಾಗಿ.

ಇವೆರಡರ ಸಾರವೂ ಶರ್ಕರಪಿಷ್ಟವೇ. ಎಲೆಯು ಬಿಸಿಲಿನ ಬಲದಿಂದ ಗಾಳಿ ನೀರುಗಳನ್ನು ಕೂಡಿಸಿ ಸಕ್ಕರೆಯಾಗಿಸುತ್ತದೆ. ಗ್ಲೂಕೋಸಿನ ಅಣುಗಳು ಸಾಲುಗಟ್ಟಿ ರಾಗಿಯ ಕಾಳಿನಲ್ಲಿ ಪಿಷ್ಟವಾಗುತ್ತವೆ. ಅವೇ ಅಣುಗಳು ಬೇರೊಂದು ಬಗೆಯಲ್ಲಿ ಬೆಸೆದುಕೊಂಡರೆ ಹುಲ್ಲಿನ ಸೆಲ್ಯುಲೋಸ್. ಮುದ್ದೆ ಮನುಷ್ಯನಿಗೆ, ಹುಲ್ಲು ಎತ್ತಿಗೆ ಎಂಬ ಪಾಲು ಈ ಬೆಸುಗೆಯ ಭೇದದಿಂದಲೇ ಬಂದುದು. (ಎತ್ತಿಗೂ ಅದು ಅರಗುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಕೃಪೆಯಿಂದ!)

ಕಬ್ಬಿನ ಹಾಲಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಜೊತೆಗೂಡಿ ಸುಕ್ರೋಸ್ ಆಗಿರುತ್ತವೆ. ಕಡಿದ ಕಬ್ಬನ್ನು ಬಹುದಿನ ಇಟ್ಟರೆ ಆ ಜೋಡಿ ಮುರಿಯುತ್ತದೆ, ಸಿಹಿಯಿದ್ದರೂ ಹರಳುಗಟ್ಟದು. ಹೆಮ್ಮಿಗೆಯಿಂದ ಮಂಡ್ಯದವರೆಗಿನ ಕಾವೇರಿಸೀಮೆಯಲ್ಲಿ ಆಲೆಮನೆ ನಡೆಸಿದವರಿಗೆ ಇದು ಹೊಸದಲ್ಲ. ಹಳೆಯ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಜಿನುಗುತ್ತದೆ. ಆದುದರಿಂದ ಸಕ್ಕರೆಯ ಕಾರ್ಖಾನೆ ಕಬ್ಬಿನ ಗದ್ದೆಗಳಿಗೆ ದೂರವಿರಲಾಗದು.

ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯದ ಒಣನೆಲಕ್ಕೆ ಹರಿದಾಗ, ಅಲ್ಲಿಯೇ ಕಾರ್ಖಾನೆ ಏಳುವಂತೆ ಶ್ರಮಿಸಿದವರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೋಲ್ಮನ್ನರು ಅಗ್ರಗಣ್ಯರು. ರೈತನು ಬೆಳೆದ ಕಬ್ಬಿಗೆ ಊರ ಬಾಗಿಲಲ್ಲೇ ಗಿರಾಕಿ ಇಲ್ಲವಾದರೆ ನಾಲೆಯ ನೀರು ಅರ್ಧ ವರವಷ್ಟೇ ಆಗುತ್ತಿತ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಮರುವರ್ಷವೇ ಅವರು ನಿವೃತ್ತರಾಗಿ ಸ್ವದೇಶಕ್ಕೆ ತೆರಳಿದರು, 1954ರಲ್ಲಿ ಕಾಲವಾದರು.