ಬಿದ್ದೆದ್ದು ಹಾರಿದ ಬ್ಲೇರಿಯೋ

1907ನೆಯ ಇಸವಿಯ ಸೆಪ್ಟೆಂಬರ್ 17ರಂದು ಪ್ಯಾರಿಸ್ ನಗರದ ಅಂಚಿನ ಕವಾಯತು ಮೈದಾನದಿಂದ ಲೂಯಿ ಬ್ಲೇರಿಯೋ ಎಂಬ ಫ್ರೆಂಚ್ ಎಂಜಿನಿಯರನು ತಾನೇ ಕಟ್ಟಿದ ವಿಮಾನವನ್ನೇರಿ ಆಕಾಶಕ್ಕೆ ನೆಗೆದನು. ಅದು ಅವನ ಆರನೆಯ ವಿಮಾನ. ಮುಂದೊಂದು ಜೊತೆ, ಹಿಂದೊಂದು ಜೊತೆ ರೆಕ್ಕೆಗಳಿದ್ದ ಆ ಯಂತ್ರವು 25 ಮೀಟರುಗಳಷ್ಟು ಮೇಲೇರಿದಾಗ ಎಂಜಿನು ಥಟ್ಟನೆ ನಿಂತುಹೋಯಿತು. ವಿಮಾನವು ಮೂಗು ಕೆಳಗಾಗಿ ಸುತ್ತುತ್ತ ನೆಲದತ್ತ ಧಾವಿಸಿತು. ಯೋಚಿಸಲು ಸಮಯವಿರಲಿಲ್ಲ. ಬ್ಲೇರಿಯೋ ಆಸನದಿಂದ ಮೇಲೆದ್ದು ಹಿಂದಕ್ಕೆ, ಬಾಲದ ಕಡೆಗೆ, ಮೈಯನ್ನು ಎಸೆದನು. ತಕ್ಕಡಿಯ ಹಗುರವಾದ ತಟ್ಟೆಗೆ ಕಲ್ಲಿಟ್ಟಂತಾಯಿತು. ಅವನ ಭಾರಕ್ಕೆ ಬಾಲವು ತಗ್ಗಿ ಮೂಗು ಮೇಲೆದ್ದಿತು. ವಿಮಾನವು ಹೆಚ್ಚುಕಡಿಮೆ ಮಟ್ಟಸವಾಗಿಯೇ ನೆಲಕ್ಕಪ್ಪಳಿಸಿತು. ಒಡೆದ ಕನ್ನಡಕದ ಚೂರುಗಳು ಮುಖವನ್ನು ಗೀರಿದ್ದನ್ನು ಬಿಟ್ಟರೆ ಅವನಿಗೆ ಬೇರೆ ಗಾಯವಾಗಲಿಲ್ಲ.

ಬ್ಲೇರಿಯೋ ಹುಟ್ಟಿದ್ದು 1872ರ ಜುಲೈ 1ರಂದು, ಕಾಂಬ್ರೇ ಪಟ್ಟಣದಲ್ಲಿ. ಮೋಟಾರು ಗಾಡಿಗಳಿಗೆ ಅಸಿಟಲೀನ್ ದೀಪಗಳನ್ನು ತಯಾರಿಸಿ ಅವನು ಬಹಳ ಹಣ ಗಳಿಸಿದನು. ವಿಮಾನದ ಗೀಳಿಗೆ ಅದೆಲ್ಲವನ್ನೂ ಸುರಿದನು. ಅವನು ಮೊದಲು ಕಟ್ಟಿದ ರೆಕ್ಕೆ ಬಡಿಯುವ ಯಂತ್ರವು ನೆಲ ಬಿಟ್ಟು ಮೇಲೇಳಲೇ ಇಲ್ಲ. ಹಾರಾಟ ಕಲಿಸುವ ಶಾಲೆಗಳಿಲ್ಲದ ಆ ದಿನಗಳಲ್ಲಿ ಕಟ್ಟಿದವನೇ ಏರಿ ನೋಡಬೇಕಾಗಿತ್ತು.

1908ರ ಅಕ್ಟೋಬರ್ 31ರಂದು ಅವನು ತೂರಿ ಎಂಬ ಊರಿನಿಂದ ಆರ್ತನೇ ಎಂಬ ಊರಿಗೆ ಹೋಗಿ ಮರಳಲು ಹೊರಟನು. ಹೋಗಿಬರುವ ದೂರ 28 ಕಿಲೋಮೀಟರು. ಎಂಜಿನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಕೆಟ್ಟುದರಿಂದ ಆರ್ತನೇಯ ಬಳಿ ಹೊಲದಲ್ಲಿ ಇಳಿಯಬೇಕಾಯಿತು. ಈ ಸಲ ಅವನು ಬೀಳಲಿಲ್ಲ, ಇಳಿದನು; ಒಂದು ವರ್ಷದಲ್ಲಿ ಆಗಿದ್ದ ವ್ಯತ್ಯಾಸ ಅಷ್ಟು! ಅಲ್ಲಿಯೇ ದುರಸ್ತಿ ಮಾಡಿಕೊಂಡು ಮತ್ತೆ ಹಾರಿ, ದಾರಿಯಲ್ಲಿ ಇನ್ನೊಮ್ಮೆ ಇಳಿದು, ಹೊರಟ ಊರನ್ನೇ ಸೇರಿದನು.

ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದವರಿಗೆ ಲಂಡನ್ನಿನ ಪತ್ರಿಕೆಯೊಂದು 1000 ಪೌಂಡುಗಳ ಬಹುಮಾನ ಸಾರಿತ್ತು. 1909ರ ಜುಲೈ 19ರಂದು ಹ್ಯೂಬರ್ಟ್ ಲ್ಯಾಥಮ್ ಎಂಬ ಸಾಹಸಿಯು ಹೊರಟನು. ನಡುದಾರಿಯಲ್ಲಿ ಅವನ ಎಂಜಿನೂ ನಿಂತಿತು; ಅವನು ಸಮುದ್ರದ ಮೇಲೆಯೇ ಇಳಿದನು. ಬ್ಲೇರಿಯೋನ ಸ್ಥಿತಿ ಇದಕ್ಕಿಂತ ಆಶಾದಾಯಕವಾಗಿರಲಿಲ್ಲ. ಬಿಸಿಯಾದ ಹೊಗೆಗೊಳವೆ ತಗುಲಿ ಅವನ ಪಾದ ಸುಟ್ಟಿತ್ತು, ಊರುಗೋಲಿಲ್ಲದೆ ನಡೆಯಲಾಗುತ್ತಿರಲಿಲ್ಲ. ಅವನ ಹನ್ನೊಂದನೆಯ ವಿಮಾನದಲ್ಲಿದ್ದ 25 ಅಶ್ವಶಕ್ತಿಯ ಅಂಜಾನಿ ಎಂಜಿನು ಬೇಗ ಕಾಯುವಂಥದು. ದಿಕ್ಸೂಚಿಯೂ ಇರಲಿಲ್ಲ.

ಜುಲೈ 25ರ ಮುಂಜಾನೆ 4 ಗಂಟೆ 41 ನಿಮಿಷಕ್ಕೆ ಅವನು ಕ್ಯಾಲೇ ಬಳಿಯ ತೀರವನ್ನು ಬಿಟ್ಟನು. ಪತ್ನಿ ಆಲಿಸ್ ಬೆಂಗಾವಲಿನ ಯುದ್ಧನೌಕೆಯಲ್ಲಿದ್ದಳು. ವಿಮಾನವು ಆ ನೌಕೆಯನ್ನು ಹಿಂದೆ ಹಾಕಿತು. ಸುಮಾರು ಹತ್ತು ನಿಮಿಷಗಳ ಕಾಲ ಹಡಗಾಗಲಿ ದಡವಾಗಲಿ ಕಾಣದೆ, ಕೆಳಗೆ ನೀರು, ಸುತ್ತಲೂ ಮಂಜು. ಕಾದ ಎಂಜಿನನ್ನು ಮಳೆಯ ಹನಿಗಳು ತಣಿಸಿದುವೆಂದು ಹೇಳುವುದುಂಟು. ಅದಂತೂ ನಿಲ್ಲಲಿಲ್ಲ. ಮೂವತ್ತಾರೂವರೆ ನಿಮಿಷಗಳ ಮೇಲೆ, ಡೋವರ್ ಕೋಟೆಯ ಬಳಿಯ ಹುಲ್ಲುಗಾವಲಿನಲ್ಲಿ, ಬಿರುಗಾಳಿಯ ಹೊಡೆತಕ್ಕೆ ಸಿಕ್ಕ ವಿಮಾನವು ಗಾಲಿಗಳ ಚೌಕಟ್ಟನ್ನೂ ಪಂಕವನ್ನೂ ಮುರಿದುಕೊಂಡು ನೆಲ ಮುಟ್ಟಿತು.

ಅದೇ ಮಾದರಿಯ ನೂರಕ್ಕೂ ಹೆಚ್ಚು ವಿಮಾನಗಳಿಗೆ ಬೇಡಿಕೆ ಬಂದಿತು. ಆ ಡಿಸೆಂಬರಿನಲ್ಲಿ ಇಸ್ತಾಂಬುಲಿನ ಮನೆಯೊಂದರ ಛಾವಣಿಯ ಮೇಲೆ ಬಿದ್ದು ಪಕ್ಕೆಲುಬುಗಳನ್ನು ಮುರಿದುಕೊಂಡ ಬ್ಲೇರಿಯೋ ಸ್ಪರ್ಧೆಗಳಲ್ಲಿ ಹಾರುವುದನ್ನು ಬಿಟ್ಟು, ವಿಮಾನ ಕಟ್ಟುವ ಕೆಲಸದಲ್ಲಿ ನಿಂತನು. 1936ರ ಆಗಸ್ಟ್ 1ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಕಡಲ್ಗಾಲುವೆಯನ್ನು ದಾಟಿದ ವಿಮಾನವು ಅದೇ ನಗರದ ವಸ್ತುಸಂಗ್ರಹಾಲಯವೊಂದರಲ್ಲಿ ಇಂದಿಗೂ ಇದೆ.