ಜೀವಿಗಳೆಲ್ಲ ನೆಂಟರು ಅಂತ ತೋರಿಸಿದ ಡಾರ್ವಿನ್

ಪ್ರೀತಿಯ ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಚಾರ್ಲ್ಸ್ ಡಾರ್ವಿನ್ ಅವರ ಜೀವನ ಚರಿತ್ರೆ ಬರೆದಿದ್ದೇನೆ. ಯಾಕೆ ಅಂದರೆ, ಹೋದ ತಿಂಗಳು ತರಗತಿಯಲ್ಲಿ ನಾನು ಎದ್ದು ನಿಂತು, ಮನುಷ್ಯ ಮಂಗನಿಂದ ಹುಟ್ಟಿದ ಅಂತ ಹೇಳಿದಾಗ ಎಲ್ಲರೂ ನಕ್ಕಿರಿ. ಒಂದು ವಾರ ನನ್ನನ್ನು ಮಂಗ ಅಂತಲೇ ಕರೆದಿರಿ. ನಂಗೆ ತುಂಬಾ ಬೇಜಾರಾಯ್ತು. ವಿಜ್ಞಾನದ ಮೇಷ್ಟ್ರನ್ನು ಕೇಳಿದರೆ, ನಾನು ಹೇಳಿದ್ದೂ ಪೂರ್ತಿ ಸರಿಯಲ್ಲ ಅಂದರು. ಒಂದು ಪುಸ್ತಕ ಕೊಟ್ಟು ಓದು ಅಂದರು. ಓದಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಡಾರ್ವಿನ್ ಅವರು 1809ನೇ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ರಾಬರ್ಟ್ ಡಾರ್ವಿನ್ ಹೆಸರಾದ ಡಾಕ್ಟರು. ಡಾರ್ವಿನ್ 8 ವರ್ಷದ ಹುಡುಗ ಆಗಿದ್ದಾಗಲೇ ತಾಯಿ ತೀರಿಕೊಂಡರು. ಶಾಲೆಯಲ್ಲಿ ಅವರೇನೂ ಜಾಣ ವಿದ್ಯಾರ್ಥಿ ಆಗಿರಲಿಲ್ಲ. ಕಲ್ಲು, ಚಿಪ್ಪು, ಹುಳ ಕೂಡಿಡುವುದು, ಬೇಟೆ, ನಾಯಿ ಅಂದರೆ ಪ್ರಾಣ. ಇವನು ಮನೆತನಕ್ಕೆ ಕೆಟ್ಟ ಹೆಸರು ತರುತ್ತಾನೆ ಅಂತ ತಂದೆ ಬೈದಿದ್ದರಂತೆ.

1825ರಲ್ಲಿ ಡಾಕ್ಟರ್ ಓದಲು ಎಡಿನ್‌ಬರೋಗೆ ಕಳಿಸಿದರು. ಆಗ ನೋವು ಗೊತ್ತಾಗದಂತೆ ಮಾಡುವ ಮದ್ದು ಇರಲಿಲ್ಲ. ಒಂದು ಮಗುವಿಗೆ ಆಪರೇಷನ್ ಮಾಡುವುದನ್ನು ನೋಡಲಾರದೆ ಡಾರ್ವಿನ್ ಎದ್ದು ಓಡಿಹೋದರು. ಆದರೆ ಅದೇ ಊರಿನಲ್ಲಿ ಜಾನ್ ಎಡ್ಮನ್‌ಸ್ಟನ್ ಎಂಬುವರಿಂದ, ಸತ್ತ ಹಕ್ಕಿಯ ಚರ್ಮ ಬಿಡಿಸಿ ಕೆಡದಂತೆ ಇಡುವ ವಿದ್ಯೆ ಕಲಿತರು. ಅವರು ಹಿಂದೆ ದಕ್ಷಿಣ ಅಮೆರಿಕದಲ್ಲಿ ಗುಲಾಮರಾಗಿದ್ದು ಬಿಡುಗಡೆ ಆದವರು. ಆಮೇಲೆ ಡಾರ್ವಿನ್ ಪಾದ್ರಿ ಆಗಲಿ ಅಂತ ತಂದೆ ಕೇಂಬ್ರಿಡ್ಜಿಗೆ ಸೇರಿಸಿದರು. ಅಲ್ಲೂ ಹುಳದ ಹುಚ್ಚು ಬಿಡಲಿಲ್ಲ. ಒಂದು ದಿನ ಎರಡು ಕೈಯಲ್ಲೂ ಒಂದೊಂದು ಜೀರುಂಡೆ ಇತ್ತು. ಮೂರನೆಯದು ಕಂಡಿತು. ಕೈ ಖಾಲಿ ಇಲ್ಲ ಅಂತ ಒಂದನ್ನು ಬಾಯಲ್ಲಿ ಹಾಕಿಕೊಂಡರು! ಅದು ಉರಿಯುವ ರಸ ಬಿಟ್ಟಿತು.

1831ರ ಡಿಸೆಂಬರ್ 27ರಂದು ಬೀಗಲ್ ಎಂಬ ಹಡಗಿನಲ್ಲಿ ಅವರು ಪ್ರಯಾಣ ಹೊರಟರು. ಸುಮಾರು 5 ವರ್ಷದ ಯಾತ್ರೆ. ಬ್ರೆಜಿಲ್‌ನಲ್ಲಿ ಗುಲಾಮರ ಕಷ್ಟ ಕಂಡು ಮರುಗಿದರು. ಗುಲಾಮಗಿರಿ ವಿಷಯಕ್ಕೆ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಜೊತೆ ಜಗಳವನ್ನೇ ಆಡಿದರು. ಅರ್ಜೆಂಟೀನಾದಲ್ಲಿ ನೆಲದಿಂದ ಭಾರಿ ಪ್ರಾಣಿಗಳ ಹಳೇ ಮೂಳೆ ಅಗೆದು ತೆಗೆದರು. ಮೈಮೇಲೆ ಎಲುಬಿನ ಕವಚ ಇದ್ದ ಪ್ರಾಣಿಯ ತುಂಡುಗಳೂ ಸಿಕ್ಕವು. ಅದೇ ನಾಡಿನಲ್ಲಿ ಕವಚ ಹೊದ್ದ ಆರ್ಮಡಿಲೋ ಎಂಬ ಸಣ್ಣ ಪ್ರಾಣಿ ಬದುಕಿದೆ. ಸತ್ತುಹೋದದ್ದಕ್ಕೂ ಬದುಕಿರುವುದಕ್ಕೂ ಏನು ಸಂಬಂಧ ಅಂತ ಅವರು ಯೋಚಿಸತೊಡಗಿದರು.

1835ರಲ್ಲಿ ಗಲಾಪಗೋಸ್ ದ್ವೀಪಗಳಿಗೆ ಹೋದರು. ಅಲ್ಲಿಯ ಹಕ್ಕಿಗಳನ್ನು ಹಿಡಿದು ತಂದರು. ಆದರೆ ಯಾವ ಹಕ್ಕಿ ಯಾವ ದ್ವೀಪದ್ದು ಅಂತ ಎಷ್ಟೋ ಹಕ್ಕಿಗಳಿಗೆ ಚೀಟಿ ಬರೆಯಲೇ ಇಲ್ಲ! ನೋಡಿ, ಅಂಥವರೂ ತಪ್ಪು ಮಾಡಿದ್ದಾರೆ. ಆಮೇಲೆ ಕ್ಯಾಪ್ಟನ್ ಮತ್ತು ಜೊತೆಯವರು ತಂದಿದ್ದ ಹಕ್ಕಿಗಳನ್ನು ನೋಡಿ ಸರಿಮಾಡಿಕೊಂಡರು. 1837ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿ ತಜ್ಞರು ಪರೀಕ್ಷೆ ಮಾಡಿ, ಬೇರೆ ಬೇರೆ ಕೊಕ್ಕಿನ ಈ ಹಕ್ಕಿಗಳೆಲ್ಲ ಫಿಂಚ್ ಎಂಬ ಒಂದೇ ಗುಂಪಿಗೆ ಸೇರಿದವು ಎಂದರು. ದಪ್ಪ ಕೊಕ್ಕಿನದು ಗಟ್ಟಿ ಬೀಜ ಒಡೆಯುತ್ತದೆ, ಸಣ್ಣ ಕೊಕ್ಕಿನದು ಹುಳ ಹೆಕ್ಕುತ್ತದೆ. ಮೂಲ ಒಂದೇ, ಕಾಲ ಕಳೆದಂತೆ ಕವಲು ಹಲವು ಆದವು. ಅದೇ ವರ್ಷ ಡಾರ್ವಿನ್ ತಮ್ಮ ನೋಟ್‌ಬುಕ್ಕಿನಲ್ಲಿ ಜೀವಿಗಳ ವಂಶವನ್ನು ಒಂದು ಮರದ ಹಾಗೆ ಗೀಚಿದರು.

ಆದರೆ ಕೂಡಲೇ ಪುಸ್ತಕ ಬರೆಯಲಿಲ್ಲ. ದೇವರು ಒಂದೊಂದು ಜೀವಿಯನ್ನೂ ಬೇರೆ ಬೇರೆಯಾಗಿ ಮಾಡಿದ ಅಂತ ಆಗ ಜನ ನಂಬಿದ್ದರು. ಹೆಂಡತಿ ಎಮ್ಮಾ ಕೂಡ ಬಹಳ ದೈವಭಕ್ತೆ. ಅದಕ್ಕೇ ಸಾಕ್ಷಿ ಇಲ್ಲದೆ ಮಾತಾಡಬಾರದು ಅಂತ ಡಾರ್ವಿನ್ ಸುಮಾರು 20 ವರ್ಷ ಸಾಕ್ಷಿ ಕೂಡಿಸಿದರು. ಪಾರಿವಾಳ ಸಾಕಿದರು. ಕಡಲ ಬಂಡೆಗೆ ಅಂಟಿಕೊಳ್ಳುವ ಬಾರ್ನಕಲ್ ಎಂಬ ಸಣ್ಣ ಜೀವಿಯನ್ನೇ 8 ವರ್ಷ ನೋಡಿದರು. 1851ರಲ್ಲಿ ಅವರ ಮುದ್ದಿನ ಮಗಳು ಆನಿ 10ನೇ ವಯಸ್ಸಿಗೇ ಕಾಯಿಲೆಯಿಂದ ತೀರಿಕೊಂಡಳು. ಆ ದುಃಖ ಅವರಿಗೆ ಕೊನೇತನಕ ಹೋಗಲಿಲ್ಲ.

1858ರ ಜೂನ್‌ನಲ್ಲಿ ಆಲ್‌ಫ್ರೆಡ್ ವ್ಯಾಲೇಸ್ ಎಂಬುವರಿಂದ ಒಂದು ಕಾಗದ ಬಂತು. ದೂರದ ದ್ವೀಪಗಳಲ್ಲಿ ಅಲೆಯುತ್ತಿದ್ದ ಅವರಿಗೂ ಇದೇ ವಿಚಾರ ಹೊಳೆದಿತ್ತು. ಅದನ್ನು ಮುಚ್ಚಿಡಬಹುದಿತ್ತು, ಆದರೆ ಡಾರ್ವಿನ್ ಮುಚ್ಚಿಡಲಿಲ್ಲ. ಅದೇ ತಿಂಗಳು ಅವರ ಕೂಸು ಜ್ವರದಿಂದ ಸತ್ತಿತು. ಜುಲೈ 1ರಂದು ಲಂಡನ್ನಿನ ಸಭೆಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಿದಾಗ ಡಾರ್ವಿನ್ ಅಲ್ಲಿರಲಿಲ್ಲ. 1859ರ ನವೆಂಬರ್ 24ರಂದು ಅವರ ದೊಡ್ಡ ಪುಸ್ತಕ ಹೊರಬಂತು.

ಅದರಲ್ಲಿ ಒಂದು ಸಾಕ್ಷಿ ಇದೆ. ಮನುಷ್ಯನ ಕೈ, ಕುದುರೆಯ ಮುಂಗಾಲು, ಬಾವಲಿಯ ರೆಕ್ಕೆ, ಇವು ಮಾಡುವ ಕೆಲಸ ಬೇರೆ ಬೇರೆ, ಆದರೆ ಮೂಳೆಗಳ ಜೋಡಣೆ ಒಂದೇ ಥರ. ನಂಗೆ ನಂಬಿಕೆ ಬರಲಿಲ್ಲ. ಮೊನ್ನೆ ಕರೆಂಟ್ ತಂತಿಗೆ ಸಿಕ್ಕಿ ಸತ್ತ ಬಾವಲಿ ಕೆರೆ ಏರಿ ಹತ್ತಿರ ಬಿದ್ದಿತ್ತು. ಕೈಯಲ್ಲಿ ಮುಟ್ಟದೆ ಕೋಲಿನಿಂದ ರೆಕ್ಕೆ ಬಿಡಿಸಿ ನೋಡಿದೆ. ತೋಳು, ಮುಂಗೈ, ಒಂದು ಗಿಡ್ಡ ಹೆಬ್ಬೆರಳು, ನಾಲ್ಕು ಉದ್ದನೆ ಬೆರಳು. ಎಣಿಸಿದೆ, ಐದೇ! ನನ್ನ ಕೈ ನೋಡಿಕೊಂಡೆ. ಮೈ ಜುಂ ಅಂತು.

ಡಾರ್ವಿನ್ ಕಾಲದಲ್ಲಿ ಡಿಎನ್‌ಎ ವಿಷಯ ಗೊತ್ತಿರಲಿಲ್ಲ. 2005ರಲ್ಲಿ ವಿಜ್ಞಾನಿಗಳು ಚಿಂಪಾಂಜಿಯ ಡಿಎನ್‌ಎಯನ್ನು ನಮ್ಮದರ ಜೊತೆ ಇಟ್ಟು ನೋಡಿದರು. ಹೋಲಿಸಲು ಬರುವ ಭಾಗದಲ್ಲಿ 100ಕ್ಕೆ ಸುಮಾರು 98-99 ಒಂದೇ ಆಗಿದ್ದವು.

ಈಗ ನನ್ನ ತಪ್ಪು ಹೇಳುತ್ತೇನೆ. ಈಗಿನ ಮಂಗ ನಮ್ಮ ಅಜ್ಜ ಅಲ್ಲ. ನಮಗೂ ಅದಕ್ಕೂ ಬಹಳ ಹಿಂದೆ ಒಬ್ಬರೇ ಪೂರ್ವಿಕರು. ಅಂದರೆ ಮಂಗ ನಮ್ಮ ದಾಯಾದಿ. ಇದನ್ನು ಅಜ್ಜಿಗೆ ಹೇಳಿದರೆ ಅಜ್ಜಿ ನಕ್ಕು, ಅದಕ್ಕೇ ಅವು ನಮ್ಮ ತೆಂಗಿನಕಾಯಿಯಲ್ಲಿ ಪಾಲು ಕೇಳೋದು ಅಂದರು.

ಡಾರ್ವಿನ್ ಅವರು 1882ರ ಏಪ್ರಿಲ್ 19ರಂದು ನಿಧನರಾದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ನ್ಯೂಟನ್ ಸಮಾಧಿಯ ಹತ್ತಿರವೇ ಅವರ ಸಮಾಧಿ ಇದೆ.

ಗೆಳೆಯರೇ, ಬಾವಲಿಯೇ ನಮಗೆ ನೆಂಟ ಅಂದಮೇಲೆ ಮನುಷ್ಯ ಮನುಷ್ಯರ ನಡುವೆ ಮೇಲು ಕೀಳು ಎಲ್ಲಿಂದ ಬಂತು? ಇದನ್ನು ನಾವೆಲ್ಲ ಯೋಚಿಸಬೇಕು. ಇನ್ನು ಮೇಲೆ ನನ್ನನ್ನು ಮಂಗ ಅಂತ ಕರೆದರೆ ನಾನು ಅಳುವುದಿಲ್ಲ. ಕರೆದವರೂ ಅದೇ ವಂಶದವರು ಅಂತ ನಂಗೆ ಈಗ ಗೊತ್ತು. ತಪ್ಪಿದ್ದರೆ ಕ್ಷಮಿಸಿ.

— 7ನೇ ತರಗತಿ