ಗುಬ್ಬಿ ವೀರಣ್ಣ: ಕಲಿಸಿ ಕಳಿಸಿಕೊಟ್ಟ ಕಲಾವಿದ

ಬೋಧನಾಭ್ಯಾಸದ ಅವಧಿಯಲ್ಲಿ ಕನ್ನಡ ವಿಷಯದ ಪ್ರಶಿಕ್ಷಣಾರ್ಥಿಗಳೆಲ್ಲರೂ ಒಬ್ಬ ಹಿರಿಯರ ಜೀವನವನ್ನು ಪಾಠವಾಗಿ ಸಿದ್ಧಪಡಿಸಬೇಕಿತ್ತು. ನಾನು ಕೊಪ್ಪ ತಾಲ್ಲೂಕಿನ ಭಂಡಿಗಡಿಯವಳು. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ತಾಲ್ಲೂಕಿನದೇ ಆದ್ದರಿಂದ ಅವರನ್ನೇ ಆರಿಸಿಕೊಳ್ಳುತ್ತೇನೆಂದು ಗೆಳತಿಯರು ಎಣಿಸಿದ್ದರು. ಆದರೆ ನಾನು ಆರಿಸಿಕೊಂಡದ್ದು ಬಯಲುಸೀಮೆಯ ಗುಬ್ಬಿ ವೀರಣ್ಣನವರನ್ನು. ನಟರಾಗಿ, ನಾಟಕ ಕಂಪನಿಯ ಒಡೆಯರಾಗಿ ಅವರ ಹೆಸರು ನಾಡಿಗೆಲ್ಲ ಗೊತ್ತು. ಕಲಿಸುವವರಾಗಿ ಅವರನ್ನು ನೋಡಬೇಕೆಂಬುದು ನನ್ನ ಆಸೆಯಾಗಿತ್ತು. ಶಾಲೆಗಿಂತ ಹೆಚ್ಚಾಗಿ ರಂಗದ ಮೇಲೆಯೇ ಬೆಳೆದ ಒಬ್ಬ ಮನುಷ್ಯ ಇಷ್ಟು ಜನರನ್ನು ತಯಾರು ಮಾಡಿದ್ದು ಹೇಗೆ ಎಂಬ ಪ್ರಶ್ನೆ ಶಿಕ್ಷಕರಾಗಲು ಹೊರಟ ನಮಗೆಲ್ಲ ಸಂಬಂಧಪಟ್ಟದ್ದು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅದಕ್ಕೆ ಏಳು ವರ್ಷ ಮುಂಚೆ, 1884ರಲ್ಲಿ, ಅದೇ ಊರಿನಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ಒಂದು ನಾಟಕ ಸಂಘ ಶುರುವಾಗಿತ್ತು. ಅದನ್ನು ಕಟ್ಟಿದವರಲ್ಲಿ ಚಂದಣ್ಣನವರೂ ಇದ್ದರು, ಅಬ್ದುಲ್ ಅಜೀಜ್ ಸಾಹೇಬರೂ ಇದ್ದರು. ಊರಿನ ಆಸಕ್ತರು ಜಾತಿಮತ ನೋಡದೆ ಕೂಡಿ ಬೆಳೆಸಿದ ಸಂಘ ಅದು. ಇನ್ನೂ ಆರೇಳು ವರ್ಷದ ಹುಡುಗನಾಗಿದ್ದಾಗಲೇ ವೀರಣ್ಣ ಆ ಸಂಘದಲ್ಲಿ ಬಣ್ಣ ಹಚ್ಚಿದರು. ಬಾಲಪಾತ್ರಗಳಿಂದ ಹೆಣ್ಣುಪಾತ್ರಗಳಿಗೆ, ಅಲ್ಲಿಂದ ಹಾಸ್ಯಪಾತ್ರಗಳಿಗೆ ಬಂದರು. 1917ರ ಹೊತ್ತಿಗೆ ಕಂಪನಿಯ ಹೊಣೆಯೇ ಅವರ ಹೆಗಲಿಗೆ ಬಂತು.

ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಅದು ಅನುಭವದ ಮೂಲಕ ನಡೆದ ಕಲಿಕೆ. ಕಂಪನಿಯಲ್ಲಿ ಹೊಸ ಹುಡುಗನಿಗೆ ಮೊದಲ ದಿನವೇ ದೊಡ್ಡ ಪಾತ್ರ ಕೊಡುತ್ತಿರಲಿಲ್ಲ. ಅವನು ಪರದೆ ಎಳೆಯಬೇಕು, ಸಾಮಾನು ಹೊರಬೇಕು, ಸೈಡ್‌ವಿಂಗ್‌ನಲ್ಲಿ ನಿಂತು ಹಿರಿಯರ ಅಭಿನಯವನ್ನು ರಾತ್ರಿ ರಾತ್ರಿ ನೋಡಬೇಕು. ಒಂದೇ ನಾಟಕ ಒಂದೇ ಊರಿನಲ್ಲಿ ಹತ್ತಾರು ಪ್ರಯೋಗ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಹುಡುಗನಿಗೆ ತನ್ನ ಒಂದು ಸಾಲಿನ ಜೊತೆಗೆ ಇಡೀ ನಾಟಕದ ಮಾತು, ಹಾಡು, ನಡೆ ಬಾಯಿಪಾಠವಾಗಿರುತ್ತಿತ್ತು. ಯಾರಾದರೂ ಕಾಯಿಲೆ ಬಿದ್ದ ದಿನ ಅವನು ಆ ಪಾತ್ರಕ್ಕೆ ಸಿದ್ಧ.

ತರಗತಿಯಲ್ಲಿ ಇದನ್ನು ವಿವರಿಸುವಾಗ ನನಗೆ ನೆರವಾದವನು ಎರಡನೆಯ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗ. ಅವನು ಯಕ್ಷಗಾನ ಕಲಿಯುತ್ತಿದ್ದ. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳನ್ನು ಮಾಡಿದ ಮೇಲೇ ಮುಂದಿನ ವೇಷ ಸಿಗುವುದು, ಅಲ್ಲಿಯತನಕ ಚೌಕಿಯಲ್ಲಿ ಹಿರಿಯರಿಗೆ ಗೆಜ್ಜೆ ಕಟ್ಟಿಕೊಡುತ್ತಾ ನೋಡುತ್ತಿರಬೇಕು ಎಂದು ಅವನೇ ಎದ್ದುನಿಂತು ವಿವರಿಸಿದ. ನಾನು ಚಾರ್ಟು ಹಿಡಿದು ಹತ್ತು ನಿಮಿಷ ಹೇಳಬೇಕೆಂದಿದ್ದ ಅಂಶ ಅವನ ಮಾತಿನಲ್ಲಿ ಎರಡು ನಿಮಿಷಕ್ಕೆ ಎಲ್ಲರಿಗೂ ತಿಳಿಯಿತು. ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಎಂಬ ಸೂತ್ರವನ್ನು ನಾವು ಪ್ರತಿ ಪಾಠಯೋಜನೆಯಲ್ಲೂ ಬರೆಯುತ್ತೇವೆ. ಮಲೆನಾಡಿನ ಮಕ್ಕಳಿಗೆ ಕಂಪನಿ ನಾಟಕ ತಿಳಿಯದ್ದು, ಮೇಳದ ಚೌಕಿ ತಿಳಿದದ್ದು.

ವೀರಣ್ಣನವರು ಹೆಸರು ಮಾಡಿದ್ದು ಹಾಸ್ಯದಲ್ಲಿ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಸದಾರಮೆ ನಾಟಕದಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಬರುತ್ತಿದ್ದರು. ಕಥೆಯ ಲೆಕ್ಕದಲ್ಲಿ ಅದು ನಾಯಕನ ಪಾತ್ರವಲ್ಲ. ಸದಾರಮೆಯನ್ನು ಮೋಸದಿಂದ ಕರೆದೊಯ್ಯುವ, ಕೊನೆಗೆ ತಾನೇ ಮೋಸಹೋಗುವ ಕಳ್ಳ ಅವನು. ಕಂಪನಿಯ ಒಡೆಯರೇ ಆಗಿದ್ದವರಿಗೆ ರಾಜನ ಪಾತ್ರವನ್ನು ತೆಗೆದುಕೊಳ್ಳಲು ಯಾರ ಅಡ್ಡಿಯೂ ಇರಲಿಲ್ಲ. ಆದರೂ ತಮಗೆ ಒಗ್ಗುವ ಪಾತ್ರವನ್ನು ತಾವು ಇಟ್ಟುಕೊಂಡು ನಾಯಕ ನಾಯಕಿಯ ಪಾತ್ರಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ತರಗತಿಯಲ್ಲಿ ನಾಟಕ ಮಾಡಿಸುವಾಗ ಮುಖ್ಯ ಪಾತ್ರವನ್ನು ಯಾವಾಗಲೂ ಮುಂದಿನ ಬೆಂಚಿನ ಜಾಣನಿಗೇ ಕೊಡುವ ನಮ್ಮ ರೂಢಿಯನ್ನು ಇದರೊಂದಿಗೆ ಹೋಲಿಸಿ ನೋಡಬಹುದು.

ಅವರ ಕೈಯಲ್ಲಿ ಕಂಪನಿ ಬಹಳ ದೊಡ್ಡದಾಗಿ ಬೆಳೆಯಿತು. ಕನ್ನಡನಾಡಿನ ಊರೂರುಗಳಲ್ಲದೆ ತೆಲುಗು, ತಮಿಳು ಸೀಮೆಗಳಲ್ಲೂ ಮೊಕ್ಕಾಂ ಹೂಡಿತು. ಗಂಡಸರೇ ಹೆಣ್ಣುವೇಷ ಹಾಕುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನು ರಂಗಕ್ಕೆ ಕರೆತಂದ ಮೊದಲಿಗರ ಸಾಲಿನಲ್ಲಿ ಅವರಿದ್ದಾರೆ. ಬಿ. ಜಯಮ್ಮನವರು ಈ ಕಂಪನಿಯ ರಂಗದಿಂದಲೇ ಬೆಳೆದು ಮುಂದೆ ಚಲನಚಿತ್ರದಲ್ಲೂ ಹೆಸರಾದರು. ಕುರುಕ್ಷೇತ್ರ ನಾಟಕಕ್ಕೆ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ತಂದದ್ದು ಇಂದಿಗೂ ದಂತಕಥೆಯಂತೆ ಉಳಿದಿದೆ. ವಿದ್ಯುದ್ದೀಪದ ಬೆಳಕು, ತಂತ್ರದೃಶ್ಯ, ಬಣ್ಣದ ಪರದೆಗಳಿಂದ ಹಳ್ಳಿಯ ಪ್ರೇಕ್ಷಕರ ಕಣ್ಣಿಗೆ ಹಬ್ಬ ಮಾಡಿದರು. ಮೈಸೂರು ಮಹಾರಾಜರಿಂದ ನಾಟಕರತ್ನ ಎಂಬ ಬಿರುದು ಬಂತು.

ಆ ಹೊತ್ತಿಗೆ ಸಿನಿಮಾ ಬಂದಿತ್ತು. ನಾಟಕದವರಿಗೆ ಅದು ಎದುರಾಳಿ. ಟಿಕೆಟ್ಟು ಅಗ್ಗ, ಒಂದೇ ದಿನ ಹಲವು ಊರುಗಳಲ್ಲಿ ಒಂದೇ ಆಟ. ವೀರಣ್ಣನವರು ಅದನ್ನು ದೂರುತ್ತಾ ಕೂರಲಿಲ್ಲ. ಮೂಕಿಚಿತ್ರಗಳ ಕಾಲದಲ್ಲೇ ಚಿತ್ರತಯಾರಿಕೆಗೆ ಕೈಹಾಕಿದರು. ಹರಿಮಾಯಾ ಅಂಥ ಒಂದು ಚಿತ್ರ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಗೆ ಬಂತು. ಮರುವರ್ಷವೇ, 1935ರಲ್ಲಿ, ಸದಾರಮೆ ಚಿತ್ರವಾಯಿತು. ರಂಗದ ಮೇಲೆ ಸಾವಿರಾರು ಜನ ಕಂಡಿದ್ದ ವೀರಣ್ಣನವರ ಅಭಿನಯ ಆ ಮೂಲಕ ತೆರೆಯ ಮೇಲೆ ಬಂತು. 1941ರ ಸುಭದ್ರಾ, 1942ರ ಜೀವನ ನಾಟಕ, 1946ರ ಹೇಮರೆಡ್ಡಿ ಮಲ್ಲಮ್ಮ, 1953ರ ಗುಣಸಾಗರಿ, ಹೀಗೆ ಒಂದರ ಹಿಂದೊಂದು ಚಿತ್ರಗಳಲ್ಲಿ ಅವರ ದುಡಿಮೆಯಿದೆ. ಕನ್ನಡ ಚಿತ್ರರಂಗ ಇನ್ನೂ ಅಂಬೆಗಾಲಿಡುತ್ತಿದ್ದಾಗ ಅದಕ್ಕೆ ನಟರನ್ನೂ ಕಥೆಗಳನ್ನೂ ಹಣವನ್ನೂ ಒದಗಿಸಿದ್ದು ನಾಟಕ ಕಂಪನಿಗಳು. ಅವುಗಳಲ್ಲಿ ದೊಡ್ಡ ಪಾಲು ಗುಬ್ಬಿ ಕಂಪನಿಯದು.

1954ರಲ್ಲಿ ವೀರಣ್ಣನವರ ಸಂಸ್ಥೆ ಮದರಾಸಿನ ಎವಿಎಂ ಜೊತೆ ಸೇರಿ ಬೇಡರ ಕಣ್ಣಪ್ಪ ಚಿತ್ರವನ್ನು ತಯಾರಿಸಿತು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಅದರ ನಾಯಕನಾಗಿ ಆಯ್ಕೆಯಾದ ಯುವಕನ ಹೆಸರು ಮುತ್ತುರಾಜ್. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದವರು. ಮಗನೂ ಎಳವೆಯಲ್ಲೇ ಕಂಪನಿಯ ಅಂಗಳದಲ್ಲಿ ಬೆಳೆದವನು. ಆ ಚಿತ್ರದಿಂದ ಮುತ್ತುರಾಜ್ ರಾಜ್‌ಕುಮಾರ್ ಆದರು. ನಾನು ಕಪ್ಪುಹಲಗೆಯ ಮೇಲೆ ಕಾಲರೇಖೆ ಎಳೆದು 1954ರ ಮುಂದೆ ಆ ಹೆಸರು ಬರೆದಾಗ ಮಕ್ಕಳ ಮುಖ ಅರಳಿತು. ವೀರಣ್ಣನವರನ್ನು ಕೇಳಿರದ ಮನೆಗಳಲ್ಲೂ ರಾಜ್‌ಕುಮಾರ್ ಗೊತ್ತು.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಕಂಪನಿ ಸೇರಿದ ಆ ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದರೇ ಎಂದು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಆದರೆ ಇಡೀ ಪಾಠದ ತಿರುಳು ಆ ಪ್ರಶ್ನೆಯಲ್ಲೇ ಇತ್ತು. ಬಹುತೇಕರು ಹೋಗುತ್ತಿರಲಿಲ್ಲ ಎಂಬುದೇ ಉತ್ತರ. ರಾಜ್‌ಕುಮಾರ್ ಅವರ ಶಾಲೆಯ ಓದು ಕೆಳಗಿನ ತರಗತಿಗಳಲ್ಲೇ ನಿಂತುಹೋಯಿತು. ಊರಿಂದ ಊರಿಗೆ ಹೋಗುವ ಕಂಪನಿಯಲ್ಲಿ ಓದು ಮುಂದುವರಿಸುವುದು ಸುಲಭವಿರಲಿಲ್ಲ. ಕಂಪನಿಯಲ್ಲಿದ್ದು ರಾಜ್‌ಕುಮಾರ್ ಆದವರು ಒಬ್ಬರು. ಓದೂ ಇಲ್ಲದೆ ಹೆಸರೂ ಇಲ್ಲದೆ ಕೊನೆತನಕ ಪರದೆ ಎಳೆದವರು ಎಷ್ಟು ಮಂದಿಯೋ. ಕಂಪನಿಯೇ ಒಂದು ಶಾಲೆ ಎಂದು ಹೊಗಳುವಾಗ ನಾವು ಇದನ್ನು ಮರೆಯಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆಯ ಹಕ್ಕು ಕೊಟ್ಟಿದೆ. ಆರನೆಯ ವಯಸ್ಸಿಗೆ ಬಣ್ಣ ಹಚ್ಚಿಕೊಂಡು ಊರೂರು ಅಲೆಯುವ ಬಾಲ್ಯವನ್ನು ಇಂದು ಯಾರೂ ಆದರ್ಶವೆಂದು ಹೇಳಲಾರರು.

ಈ ಮಾತಿಗೆ ವೀರಣ್ಣನವರ ಬದುಕಿನಲ್ಲೇ ಒಂದು ಉತ್ತರವಿದೆ. ದಕ್ಷಿಣ ಕನ್ನಡದ ಬಂಟ್ವಾಳ ಕಡೆಯಿಂದ ನಾಟಕದ ಹುಚ್ಚಿನಲ್ಲಿ ಮನೆ ಬಿಟ್ಟು ಬಂದ ಒಬ್ಬ ಹುಡುಗ ಅವರ ಕಂಪನಿ ಸೇರಿದ. ಅವನೇ ಮುಂದೆ ಬಿ.ವಿ. ಕಾರಂತ ಎಂದು ನಾಡಿಗೆ ಪರಿಚಿತರಾದವರು. ರಾಜ್‌ಕುಮಾರ್ ಅವರಂತೆ ಇವರೂ ಹುಟ್ಟಿದ್ದು 1929ರಲ್ಲಿ. ಹುಡುಗನಿಗೆ ಪಾತ್ರ ಬರುತ್ತಿತ್ತು, ಸಂಗೀತ ಬರುತ್ತಿತ್ತು. ಕಂಪನಿಯ ಒಡೆಯನ ಕಣ್ಣಿನಿಂದ ನೋಡಿದರೆ ಅಂಥವನನ್ನು ಬಿಡಬಾರದು. ವೀರಣ್ಣನವರು ಅವನನ್ನು ಓದಲು ಬನಾರಸಿಗೆ ಕಳಿಸಿದರು. ಕಾರಂತರು ಅಲ್ಲಿ ಹಿಂದಿಯಲ್ಲಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಸೇರಿದರು. ಮುಂದೊಂದು ದಿನ ಅದೇ ಶಾಲೆಯ ನಿರ್ದೇಶಕರೂ ಆದರು. 1989ರಲ್ಲಿ ಮೈಸೂರಿನ ರಂಗಾಯಣ ಶುರುವಾದಾಗ ಅದನ್ನು ಕಟ್ಟುವ ಕೆಲಸ ಕಾರಂತರ ಪಾಲಿಗೆ ಬಂತು.

ವೀರಣ್ಣನವರ ಈ ನಡೆ ನನಗೆ ಅವರ ಆನೆ ಕುದುರೆಗಳ ವೈಭವಕ್ಕಿಂತ ದೊಡ್ಡದಾಗಿ ಕಂಡಿತು. ಶಾಲೆಯ ಬದಲು ರಂಗವನ್ನೇ ಶಾಲೆ ಮಾಡಿಕೊಂಡವರು ಅವರು. ತಮಗೆ ಅದೇ ಸಾಕಾಯಿತು, ಆದ್ದರಿಂದ ಎಲ್ಲರಿಗೂ ಸಾಕು ಎಂದು ಅವರು ವಾದಿಸಬಹುದಿತ್ತು. ಕಂಪನಿ ಕೊಡಲಾಗದ್ದು ಬೇರೆಡೆ ಇದೆ ಎಂದು ಒಪ್ಪಿ ಹುಡುಗನನ್ನು ಅಲ್ಲಿಗೆ ಕಳಿಸಿದರು. ಸಿನಿಮಾದ ವಿಚಾರದಲ್ಲೂ ಅವರು ನಡೆದುಕೊಂಡದ್ದು ಹೀಗೆಯೇ. ತಮ್ಮ ನಾಟಕದ ಪ್ರೇಕ್ಷಕರನ್ನೇ ಸೆಳೆದುಕೊಳ್ಳುವ ಮಾಧ್ಯಮಕ್ಕೆ ತಮ್ಮ ಕಂಪನಿಯಲ್ಲಿ ಪಳಗಿದವರನ್ನು ದಾಟಿಸಿದರು. ಕಂಪನಿಯಲ್ಲಿ ಬೆಳೆದ ಜಿ.ವಿ. ಅಯ್ಯರ್ ಸಿನಿಮಾಕ್ಕೆ ಹೋಗಿ, 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ ಆದಿ ಶಂಕರಾಚಾರ್ಯವನ್ನು ನಿರ್ದೇಶಿಸಿದರು. ಶೃಂಗೇರಿಯ ನೆರೆಯವರಾದ ನಮ್ಮ ಮಕ್ಕಳಿಗೆ ಗುಬ್ಬಿಯಿಂದ ಶಂಕರರವರೆಗಿನ ಈ ದಾರಿ ಬಹಳ ಹಿಡಿಸಿತು.

ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. 1972ರಲ್ಲಿ ಪದ್ಮಶ್ರೀ ದೊರೆಯಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಬಾಲನಟನಾಗಿ ರಂಗಕ್ಕೆ ಬಂದಂದಿನಿಂದ ಲೆಕ್ಕ ಹಾಕಿದರೆ ಮುಕ್ಕಾಲು ಶತಮಾನದ ನಂಟು. ಅವರ ಮೊಮ್ಮಗಳು ಬಿ. ಜಯಶ್ರೀಯವರು ಕಂಪನಿಯ ವಾತಾವರಣದಲ್ಲೇ ಬೆಳೆದರೂ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತು ಬಂದರು. ಮನೆಯಲ್ಲಿ ಕಲಿತದ್ದೂ ಶಾಲೆಯಲ್ಲಿ ಕಲಿತದ್ದೂ ಅವರ ಅಭಿನಯದಲ್ಲಿ ಕೂಡಿಕೊಂಡಿವೆ. ಹುಡುಗಿಯ ಪ್ರಶ್ನೆಗೆ ಇದು ಇನ್ನೊಂದು ಉತ್ತರ ಎಂದು ನಾನು ತರಗತಿಗೆ ಹೇಳಿದೆ.

ಈ ಪಾಠವನ್ನು ಮುಂದೆ ಮಾಡುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಕೆಲವು ಸೂಚನೆಗಳು. ಮೊದಲನೆಯದು, ಇಸವಿಗಳ ಪಟ್ಟಿಯಿಂದ ಆರಂಭಿಸಬೇಡಿ. ಮಕ್ಕಳ ಸೀಮೆಯಲ್ಲಿ ಯಾವ ಆಟ ನಡೆಯುತ್ತದೋ, ಯಕ್ಷಗಾನವೋ ಕೋಲಾಟವೋ ಭಜನೆಯೋ, ಅದರಲ್ಲಿ ಹೊಸಬರಿಗೆ ಹೇಗೆ ಕಲಿಸುತ್ತಾರೆಂದು ಅವರಿಂದಲೇ ಹೇಳಿಸಿ, ಅಲ್ಲಿಂದ ಕಂಪನಿಗೆ ಬನ್ನಿ. ಎರಡನೆಯದು, ಸದಾರಮೆಯ ಕಳ್ಳನ ಸನ್ನಿವೇಶವನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಕಟ್ಟಿ ಆಡಲಿ. ಐದು ನಿಮಿಷ ಸಾಕು. ಪಾತ್ರ ಹಂಚುವಾಗ ಮೌನವಾಗಿರುವವರನ್ನು ಮೊದಲು ಕೇಳಿ. ಬೇಡವೆಂದರೆ ಒತ್ತಾಯಿಸದೆ, ಸೈಡ್‌ವಿಂಗ್‌ನಲ್ಲಿ ನಿಂತು ಮಾತು ನೆನಪಿಸಿಕೊಡುವ ಕೆಲಸ ಕೊಡಿ. ನನ್ನ ತರಗತಿಯಲ್ಲಿ ಹಾಗೆ ನಿಂತಿದ್ದ ಒಬ್ಬಳು ಎರಡನೆಯ ಬಾರಿ ಆಡುವಾಗ ತಾನೇ ಮುಂದೆ ಬಂದಳು. ಮೂರನೆಯದು, ಶಾಲೆ ಬಿಟ್ಟವರ ಯಶಸ್ಸನ್ನು ಹೇಳುವಾಗ ಶಾಲೆ ಬೇಡವೆಂಬ ಅರ್ಥ ಬಾರದಂತೆ ಕಾರಂತರ ಭಾಗವನ್ನು ತಪ್ಪದೆ ಸೇರಿಸಿ.

ಮೌಲ್ಯಮಾಪನಕ್ಕೆ ನಾನು ಇಸವಿ ಕೇಳುವ ಪ್ರಶ್ನೆಗಳ ಜೊತೆಗೆ ಒಂದು ಯೋಚನೆಯ ಪ್ರಶ್ನೆಯನ್ನೂ ಇಟ್ಟಿದ್ದೆ. ವೀರಣ್ಣನವರು ಕಾರಂತರನ್ನು ಕಂಪನಿಯಲ್ಲೇ ಉಳಿಸಿಕೊಳ್ಳಬೇಕಿತ್ತೇ, ಕಳಿಸಿದ್ದು ಸರಿಯೇ ಎಂದು. ಹೆಚ್ಚಿನವರು ಕಳಿಸಿದ್ದು ಸರಿ ಎಂದು ಬರೆದರು. ನಾಲ್ಕೈದು ಮಂದಿ ಉಳಿಸಿಕೊಳ್ಳಬೇಕಿತ್ತು ಎಂದರು. ಒಳ್ಳೆಯವರೆಲ್ಲ ಹೊರಟುಹೋದರೆ ಕಂಪನಿಯ ಗತಿಯೇನು ಎಂಬುದು ಅವರ ವಾದ. ಓದಿದವರೆಲ್ಲ ಬೆಂಗಳೂರಿಗೆ ಹೋಗಿ ಮನೆಯಲ್ಲಿ ಹಿರಿಯರಷ್ಟೇ ಉಳಿದಿರುವುದನ್ನು ನಮ್ಮ ಮಲೆನಾಡಿನ ಮಕ್ಕಳು ದಿನವೂ ನೋಡುತ್ತಿದ್ದಾರೆ. ಆ ಉತ್ತರಗಳಿಗೂ ನಾನು ಪೂರ್ಣ ಅಂಕ ಕೊಟ್ಟೆ. ಮುಂದಿನ ತರಗತಿಯಲ್ಲಿ ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ ಚರ್ಚೆ ಏರ್ಪಡಿಸಿದೆವು.